ತಂಬೂರಿಗೆ ಗವಸಣಿಗೆಯೋ, ಪೆಟ್ಟಿಗೆಯೋ?

ಸಂವೇಗದ ಪಾಠವನ್ನು ಮುಗಿಸಿ ತರಗತಿಯಿಂದ ಹೊರಬರುತ್ತಿದ್ದಾಗ ವಿದ್ಯಾರ್ಥಿಯೊಬ್ಬನು ನಮ್ಮನ್ನು ತಡೆದು ಒಂದು ಪ್ರಶ್ನೆಯನ್ನು ಕೇಳಿದನು. ಅವನು ಗಿಟಾರೊಂದನ್ನು ಕೊಳ್ಳಲು ಹೋಗಿದ್ದನಂತೆ. ಅಂಗಡಿಯವರು ಅದರ ಜೊತೆಗೆ ಮೆತ್ತನೆಯ ಚೀಲವೊಂದನ್ನೂ ಗಟ್ಟಿಯಾದ ಪೆಟ್ಟಿಗೆಯೊಂದನ್ನೂ ಮುಂದಿಟ್ಟು, ಯಾವುದು ಬೇಕೆಂದು ಕೇಳಿದರಂತೆ. ಪೆಟ್ಟಿಗೆಯ ಬೆಲೆ ಗಿಟಾರಿನ ಬೆಲೆಯ ಅರ್ಧದಷ್ಟು. "ಗಟ್ಟಿ ಇದ್ದದ್ದ ಚಲೋ ಅಲ್ಲೇನ್ರೀ ಸರ್?" ಎಂಬುದು ಅವನ ಪ್ರಶ್ನೆ. ಪ್ರಶ್ನೆಯ ರೂಪದಲ್ಲಿಯೇ ಉತ್ತರವೂ ಅಡಗಿತ್ತು. ನಮ್ಮಲ್ಲಿ ಬಹುಜನರು ಕೊಡುವ ಉತ್ತರವೂ ಅದೇ. ಆದರೆ ನಾವು ಕೂಡಲೇ ಹೌದೆನ್ನಲಿಲ್ಲ. ಏಕೆಂದರೆ ಇದೇ ಪ್ರಶ್ನೆಗೆ ನಾವೇ ನಮ್ಮ ಮನೆಯಲ್ಲಿ ಒಮ್ಮೆ ತಪ್ಪು ಉತ್ತರವನ್ನು ಕೊಟ್ಟು, ಅದರ ಫಲವನ್ನು ಕಣ್ಣಾರೆ ಕಂಡಿದ್ದೆವು.

ಹುಬ್ಬಳ್ಳಿ-ಧಾರವಾಡಗಳಲ್ಲಿ ಈ ಪ್ರಶ್ನೆ ಗಿಟಾರಿಗಿಂತ ಹಳೆಯದು. ಇಲ್ಲಿ ಅದು ತಂಬೂರಿ ಸಿತಾರುಗಳ ಪ್ರಶ್ನೆ. ಕಿರಾಣಾ ಪರಂಪರೆಯ ಅಬ್ದುಲ್ ಕರೀಮ್ ಖಾನರು ಮಿರಜಿನಲ್ಲಿ ನೆಲೆಸಿದ್ದರು. ಅವರ ಶಿಷ್ಯರಾದ ಸವಾಯಿ ಗಂಧರ್ವರು ಹುಬ್ಬಳ್ಳಿಯ ಹತ್ತಿರದ ಕುಂದಗೋಳದವರು. ಅವರಲ್ಲಿ ಕಲಿಯುವುದಕ್ಕಾಗಿ ಗಂಗೂಬಾಯಿ ಹಾನಗಲ್ಲರು (೧೯೧೩-೨೦೦೯) ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿದ್ದು ನಮ್ಮ ಊರಿನವರೆಲ್ಲರಿಗೂ ತಿಳಿದ ಸಂಗತಿ. ಅತ್ತ ಧಾರವಾಡದಲ್ಲಿ ಸಿತಾರರತ್ನ ರಹಿಮತ್ ಖಾನರ ಮನೆತನವು ಮೊಮ್ಮಗ ಬಾಲೇಖಾನರವರೆಗೂ (ನಿಧನ ೨೦೦೭), ಅವರ ಮುಂದಿನ ಪೀಳಿಗೆಗೂ ಸಿತಾರವನ್ನು ಉಳಿಸಿಕೊಂಡು ಬಂದಿದೆ. ಹಾಡುವವರಿದ್ದಲ್ಲಿ ತಂಬೂರಿಯಿರಬೇಕು, ತಂಬೂರಿಯಿದ್ದಲ್ಲಿ ಅದನ್ನು ಹೊತ್ತುಕೊಂಡು ಹೋಗುವ ತೊಂದರೆಯೂ ಇರಲೇಬೇಕು. ನಮ್ಮ ಕಡೆಯ ತಂಬೂರಿಗಳಲ್ಲಿ ಬಹಳಷ್ಟು ಮಿರಜಿನಿಂದ ಬಂದಂಥವು. ಆ ಊರಿನಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೂ ಈ ಕಸುಬು ನಡೆದುಬಂದಿದೆ. ೨೦೨೪ರಲ್ಲಿ ಮಿರಜಿನ ಸಿತಾರಕ್ಕೂ ತಂಬೂರಿಗೂ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಮಿರಜು ಹುಬ್ಬಳ್ಳಿಯಿಂದ ರೈಲುದಾರಿಯಲ್ಲಿ ಸುಮಾರು ೨೮೦ ಕಿಲೋಮೀಟರು ದೂರ.

ನಮ್ಮ ಸೋದರತ್ತೆಯವರ ತಂಬೂರಿಯೂ ಅಲ್ಲಿಂದಲೇ ಬಂದದ್ದು, ನಾವು ಹುಟ್ಟುವುದಕ್ಕೆ ಮೊದಲು. ಹಳೇ ಹುಬ್ಬಳ್ಳಿಯ ನಮ್ಮ ಮನೆಯ ನಡುಮನೆಯಲ್ಲಿ, ಗೋಡೆಯ ಮೂಲೆಗೆ ಒರಗಿ ಅದು ನಿಂತಿರುತ್ತಿತ್ತು. ಅದಕ್ಕೆ ಕೆಂಪು ಬಟ್ಟೆಯ ಒಂದು ಗವಸಣಿಗೆ. ಹೊರಗೆ ಒಯ್ಯುವಾಗ ಗವಸಣಿಗೆಯ ಮೇಲೆ ಅಜ್ಜಿ ಹೊಲಿದ ಒಂದು ಕೌದಿ. ಕೌದಿಯ ಮೇಲೆ ಮೂರು ಕಡೆ ನಾಡಿ ಕಟ್ಟು. ಕೌದಿಯನ್ನು ಕಾಣದ ವಾಚಕರಿಗಾಗಿ ಹೇಳುವುದಾದರೆ, ಹಳೆಯ ಸೀರೆ ಧೋತರಗಳ ತುಂಡುಗಳನ್ನು ಪದರ ಪದರವಾಗಿ ಹಾಸಿ, ಒತ್ತೊತ್ತಾಗಿ ದಾರ ಹಾಯಿಸಿ ಹೊಲಿದ ಹೊದಿಕೆಯಿದು. ಉತ್ತರ ಕರ್ನಾಟಕದಲ್ಲಿ ಕೌದಿಯಿಲ್ಲದ ಹಳೆಯ ಮನೆ ಇರಲಾರದು. ಈ ವೇಷದಲ್ಲಿ ತಂಬೂರಿಯು ಟಾಂಗಾದಲ್ಲಿ, ಎತ್ತಿನ ಗಾಡಿಯಲ್ಲಿ, ಪ್ಯಾಸೆಂಜರ್ ರೈಲಿನಲ್ಲಿ ಎಷ್ಟೋ ಸಲ ಊರೂರು ತಿರುಗಿ ಬಂದಿತ್ತು. ಎರಡು ಮೂರು ಸಲ ಬಿದ್ದದ್ದೂ ಉಂಟು. ಬಿರಡೆಯೊಂದು ಮುರಿದದ್ದನ್ನು ಬಿಟ್ಟರೆ ಅದಕ್ಕೆ ಬೇರಾವ ಅಪಾಯವೂ ಆಗಿರಲಿಲ್ಲ.

ನಾವು ಎಂ.ಎಸ್‌ಸಿ. ಮುಗಿಸಿ ಕೆಲಸಕ್ಕೆ ಸೇರಿದ ಮೊದಲ ವರ್ಷದ ಸಂಬಳದಲ್ಲಿ ಅತ್ತೆಯವರಿಗೆ ಒಂದು ಕಾಣಿಕೆ ಕೊಡಬೇಕೆನಿಸಿತು. ನಾರುಗಾಜಿನ, ಕಪ್ಪು ಬಣ್ಣದ, ಹಿತ್ತಾಳೆಯ ಕೊಂಡಿಗಳಿದ್ದ ಪೆಟ್ಟಿಗೆಯೊಂದನ್ನು ಕೊಂಡೆವು. ಒಳಗೆ ಮಖಮಲ್ಲಿನಂತಹ ಬಟ್ಟೆಯನ್ನು ಅಂಟಿಸಿದ್ದರು; ಅದರ ಕೆಳಗೆ ಬೆರಳಿನಷ್ಟೂ ದಪ್ಪವಿಲ್ಲದ ಸ್ಪಂಜು. ಕೌದಿಯನ್ನು ಸುತ್ತಿದರೆ ತಂಬೂರಿಯು ಪೆಟ್ಟಿಗೆಯೊಳಗೆ ಇಳಿಯದು. ಸುತ್ತದಿದ್ದರೆ ಸುತ್ತಲೂ ಎರಡು ಮೂರು ಬೆರಳು ಜಾಗ ಉಳಿಯುತ್ತದೆ. ಕೌದಿಯನ್ನು ತೆಗೆದಿಡಲು ಹೇಳಿದವರು ನಾವೇ. ಅದನ್ನು ಹೊಂದಿಸಿ ಕೂರಿಸುವ ವ್ಯವಧಾನವಾದರೂ ನಮಗೆ ಇರಬೇಕಾಗಿತ್ತು, ಇರಲಿಲ್ಲ. ಪೆಟ್ಟಿಗೆಯ ಮೊದಲನೆಯ ಪ್ರವಾಸದಲ್ಲಿಯೇ, ಮನೆಯ ಮುಂದೆ ಟೆಂಪೋದಿಂದ ಇಳಿಸಿಕೊಳ್ಳುವಾಗ, ಅದು ನಮ್ಮ ಕೈಯಿಂದ ಜಾರಿ ಫರಸಿಯ ಕಟ್ಟೆಯ ಮೇಲೆ ಬಿದ್ದಿತು. ಬಿದ್ದದ್ದು ಸೊಂಟದೆತ್ತರದಿಂದ. ಪೆಟ್ಟಿಗೆಗೆ ಒಂದು ಗೀರೂ ಆಗಿರಲಿಲ್ಲ. ತೆರೆದು ನೋಡಿದರೆ ಬುರುಡೆಯು ಅಡಿಯಿಂದ ಹಿಡಿದು ದಂಡಿಯ ಸಂದಿನವರೆಗೆ ಸೀಳಿತ್ತು.

"ಪೆಟ್ಟಿಗಿ ಇತ್ತಂತ ಇಷ್ಟಕ್ಕ ಉಳೀತು, ಇಲ್ಲಂದ್ರ ಪುಡಿಪುಡಿ ಆಗ್ತಿತ್ತು ತಮ್ಮಾ, ಬಿಡು" ಎಂದು ಅತ್ತೆಯವರು ನಮ್ಮನ್ನು ಸಮಾಧಾನಪಡಿಸಿದರು. ನಾವೂ ಹಾಗೆಯೇ ನಂಬಿದೆವು. ನಂಬದೆ ಉಪಾಯವಿರಲಿಲ್ಲ. ಆದರೆ ಪೆಟ್ಟಿಗೆಗೆ ಗೀರೂ ಆಗದಿದ್ದುದು ಮಾತ್ರ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದುಕೊಂಡಿತು. ಅನಂತರ ಒಂದು ದಿನ, ವಿದ್ಯಾರ್ಥಿಗಳಿಗೆ ಕೊಡುವ ಲೆಕ್ಕದಂತೆಯೇ ಇದನ್ನೂ ಕಾಗದದ ಮೇಲೆ ಬಿಡಿಸಿ ನೋಡಿದಾಗ ಅತ್ತೆಯವರ ಮಾತು ಸರಿಯಲ್ಲವೆಂದು ತಿಳಿಯಿತು.

ಲೆಕ್ಕವು ಹೈಸ್ಕೂಲಿನವರೂ ಮಾಡಬಹುದಾದಷ್ಟು ಸುಲಭವಾದುದು. ಪೆಟ್ಟಿಗೆಯು ೮೦ ಸೆಂಟಿಮೀಟರು ಎತ್ತರದಿಂದ ಬಿದ್ದಿತೆಂದು ಇಟ್ಟುಕೊಳ್ಳೋಣ. ನೆಲವನ್ನು ಮುಟ್ಟುವ ಹೊತ್ತಿಗೆ ಅದರ ವೇಗ ಸೆಕೆಂಡಿಗೆ ಸುಮಾರು ೪ ಮೀಟರು, ಅಂದರೆ ಗಂಟೆಗೆ ೧೪ ಕಿಲೋಮೀಟರು. ಒಳಗಿನ ತಂಬೂರಿಯ ವೇಗವೂ ಅಷ್ಟೇ. ಈ ವೇಗವು ಸೊನ್ನೆಗೆ ಇಳಿಯಬೇಕು. ಎಷ್ಟು ದೂರದಲ್ಲಿ ಇಳಿಯುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಬಿದ್ದ ಎತ್ತರವನ್ನು ನಿಲ್ಲುವ ದೂರದಿಂದ ಭಾಗಿಸಿದರೆ, ವಾದ್ಯವು ತನ್ನ ತೂಕದ ಎಷ್ಟು ಪಟ್ಟು ಬಲವನ್ನು ಸರಾಸರಿಯಾಗಿ ತಾಳಿಕೊಳ್ಳಬೇಕೆಂಬುದು ಸಿಕ್ಕುತ್ತದೆ. ತೆಳ್ಳನೆಯ ಸ್ಪಂಜು ಪೂರ್ತಿ ಅಮುಕಿ ಹೋಗಿ, ವಾದ್ಯವು ೨ ಮಿಲಿಮೀಟರಿನೊಳಗೆ ನಿಂತಿತೆನ್ನೋಣ. ೮೦ ಸೆಂಟಿಮೀಟರನ್ನು ೨ ಮಿಲಿಮೀಟರಿನಿಂದ ಭಾಗಿಸಿದರೆ ೪೦೦. ನಾಲ್ಕು ಕಿಲೋ ತೂಕದ ತಂಬೂರಿಯ ಬುರುಡೆಯ ಮೇಲೆ, ಒಂದು ಕ್ಷಣಕ್ಕಾದರೂ, ೧೬೦೦ ಕಿಲೋ ಭಾರವನ್ನು ಹೇರಿದಂತಾಯಿತು! ಅದೇ ತಂಬೂರಿಗೆ ನಾಲ್ಕು ಸೆಂಟಿಮೀಟರು ದಪ್ಪಕ್ಕೆ ಕೌದಿಯನ್ನು ಮಡಿಸಿ ಸುತ್ತಿದ್ದು, ಅದು ಅರ್ಧದಷ್ಟು ಅಮುಕಿತೆಂದರೆ, ನಿಲ್ಲುವ ದೂರ ೨ ಸೆಂಟಿಮೀಟರು. ಬಲವು ೪೦ ಪಟ್ಟಿಗೆ, ಎಂದರೆ ೧೬೦ ಕಿಲೋಗೆ ಇಳಿಯುತ್ತದೆ. ಹತ್ತರಲ್ಲಿ ಒಂದು ಪಾಲು. ನಿಜವಾದ ಆಘಾತದಲ್ಲಿ ಬಲವು ಏರಿಳಿಯುವುದರಿಂದ ಅದರ ಗರಿಷ್ಠ ಬೆಲೆ ಈ ಸರಾಸರಿಗಿಂತ ಹೆಚ್ಚಾಗಿಯೇ ಇರುವುದು. ಆದರೂ ಎರಡಕ್ಕಿರುವ ತಾರತಮ್ಯ ಅಳಿಸಿಹೋಗದು.

ಈ ಲೆಕ್ಕದಲ್ಲಿ ಪೆಟ್ಟಿಗೆಯ ಗಟ್ಟಿತನವು ಎಲ್ಲಿಯೂ ಬರಲಿಲ್ಲವೆಂಬುದನ್ನು ವಾಚಕರು ಗಮನಿಸಿರಬಹುದು. ಪೆಟ್ಟಿಗೆಯನ್ನು ಉಕ್ಕಿನಿಂದ ಮಾಡಿದ್ದರೂ ಫಲವು ಅದೇ ಆಗುತ್ತಿತ್ತು. ಬದಲಾಗಿ, ಸುತ್ತಲೂ ಬಿಟ್ಟ ಎರಡು ಮೂರು ಬೆರಳು ಜಾಗವು ಇನ್ನೊಂದು ಕೇಡನ್ನು ತಂದಿತು. ಪೆಟ್ಟಿಗೆಯು ನೆಲಕ್ಕೆ ತಾಗಿ ನಿಂತಾಗ ತಂಬೂರಿಯು ನಿಲ್ಲಲಿಲ್ಲ. ಅದು ತನ್ನ ವೇಗದಲ್ಲಿಯೇ ಮುಂದುವರಿದು ಪೆಟ್ಟಿಗೆಯ ಒಳಗೋಡೆಗೆ ಹೋಗಿ ಬಡಿಯಿತು. ಮೋಟಾರು ಥಟ್ಟನೆ ನಿಂತಾಗ, ಪಟ್ಟಿ ಕಟ್ಟಿಕೊಳ್ಳದ ಪ್ರಯಾಣಿಕನು ಎದುರಿನ ಗಾಜಿಗೆ ಬಡಿಯುವುದು ಹೀಗೆಯೇ. ಗುಂಡನೆಯ ಬುರುಡೆಯು ಚಪ್ಪಟೆ ಗೋಡೆಯನ್ನು ಮುಟ್ಟುವುದು ಹೆಚ್ಚುಕಡಮೆ ಒಂದೇ ಬಿಂದುವಿನಲ್ಲಿ. ಆ ಬುರುಡೆಯಾದರೂ ಏನು? ಪಂಢರಪುರದ ಸುತ್ತಿನ ಹೊಲಗಳಲ್ಲಿ ಬೆಳೆದು ಒಣಗಿದ ಒಂದು ಸೋರೆ. ಕೆಲವೇ ಮಿಲಿಮೀಟರು ದಪ್ಪದ ಸಿಪ್ಪೆ. ಕೌದಿಯು ಬುರುಡೆಯನ್ನು ಅವಚಿಕೊಂಡಿದ್ದರೆ ಆ ಬಲವು ಅಂಗೈಯಗಲದ ಮೇಲೆಲ್ಲ ಹಂಚಿಹೋಗುತ್ತಿತ್ತು. ಅಲ್ಲದೆ ಕೌದಿಯ ಪದರಗಳು ಒಂದರ ಮೇಲೊಂದು ಜಾರುವಾಗ ಆಗುವ ಘರ್ಷಣೆಯು ಆಘಾತದ ಶಕ್ತಿಯನ್ನು ಶಾಖವಾಗಿ ಮಾರ್ಪಡಿಸಿಬಿಡುತ್ತದೆ; ರಬ್ಬರಿನಂತೆ ಅದು ವಾದ್ಯವನ್ನು ಮರಳಿ ಚಿಮ್ಮಿಸುವುದಿಲ್ಲ. ಅಜ್ಜಿಗೆ ಇದೆಲ್ಲ ತಿಳಿದಿತ್ತೆಂದು ನಾವು ಹೇಳುವುದಿಲ್ಲ. ಮನೆಯಲ್ಲಿದ್ದ ಮೆತ್ತನೆಯ ವಸ್ತು ಅದೊಂದೇ ಆಗಿತ್ತು.

ಹಾಗಾದರೆ ಪೆಟ್ಟಿಗೆಯಿಂದ ಏನೂ ಪ್ರಯೋಜನವಿಲ್ಲವೇ? ಉಂಟು, ಆದರೆ ಅದು ಬೇರೆಯದೇ ಆದ ಪ್ರಯೋಜನ. ಹಬ್ಬದ ದಿನಗಳಲ್ಲಿ ರೈಲಿನ ಸಾಮಾನ್ಯ ಡಬ್ಬಿಯೊಂದನ್ನು ನೆನಸಿಕೊಳ್ಳಿರಿ. ಮೇಲಿನ ಹಲಗೆಯಲ್ಲಿ ಮಲಗಿಸಿದ ತಂಬೂರಿಯ ಮೇಲೆ ಯಾರೋ ಇಪ್ಪತ್ತು ಕಿಲೋ ತೂಕದ ಟ್ರಂಕನ್ನು ಮೂಲೆ ಕೆಳಗಾಗಿ ತಂದಿಡುತ್ತಾರೆ. ಮೂಲೆಯ ವಿಸ್ತೀರ್ಣ ಒಂದು ಚದರ ಸೆಂಟಿಮೀಟರು ಎಂದರೆ, ಅಷ್ಟು ಸಣ್ಣ ಜಾಗದ ಮೇಲೆ ಇಪ್ಪತ್ತು ಕಿಲೋ ಒತ್ತಡ. ಕೌದಿಯು ಇದನ್ನು ತಕ್ಕಮಟ್ಟಿಗೆ ಹರಡೀತು, ತಡೆಯಲಾರದು. ಗಟ್ಟಿ ಪೆಟ್ಟಿಗೆಯಾದರೋ ಕಮಾನಿನಂತೆ ಆ ಭಾರವನ್ನು ತನ್ನ ಗೋಡೆಗಳ ಮೂಲಕ ಕೆಳಕ್ಕೆ ಇಳಿಸುತ್ತದೆ. ವಾದ್ಯಕ್ಕೆ ಅದರ ಸೋಂಕೂ ತಗಲದು. ಆದುದರಿಂದ, ಒತ್ತುವುದನ್ನೂ ಚುಚ್ಚುವುದನ್ನೂ ತಡೆಯುವ ಕೆಲಸ ಪೆಟ್ಟಿಗೆಯದು; ಬೀಳುವುದರಿಂದ ಕಾಪಾಡುವ ಕೆಲಸ ಮೆತ್ತೆಯದು. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು. ನಾವು ಮಾಡಿದ ತಪ್ಪೆಂದರೆ ಎರಡನ್ನೂ ಒಂದೇ ಎಂದು ತಿಳಿದದ್ದು.

ತಂಬೂರಿಯಲ್ಲಿ ಒತ್ತಡಕ್ಕೆ ಎಲ್ಲಕ್ಕಿಂತ ಹೆದರಬೇಕಾದ ಭಾಗವೊಂದಿದೆ. ಅದು ಬುರುಡೆಯಲ್ಲ, ಕುದುರೆ. ತಬಲಿಯ ಹಲಗೆಯ ಮೇಲೆ ಕುಳಿತು ನಾಲ್ಕು ತಂತಿಗಳನ್ನೂ ಹೊತ್ತಿರುವ ಈ ಸಣ್ಣ ತುಂಡಿನ ಮೇಲುಮೈ, ನೋಡುವವರಿಗೆ ಚಪ್ಪಟೆಯಾಗಿ ತೋರಿದರೂ, ಅತಿ ಸೂಕ್ಷ್ಮವಾಗಿ ಬಾಗಿರುತ್ತದೆ. ತಂತಿಗೂ ಕುದುರೆಗೂ ನಡುವೆ ಸಿಕ್ಕಿಸುವ ದಾರದ ಎಳೆಯೊಂದನ್ನು ಕೂದಲೆಳೆಯಷ್ಟು ಸರಿಸಿದರೆ ನಾದವು ತೆರೆಯುತ್ತದೆ ಅಥವಾ ಮುಚ್ಚಿಹೋಗುತ್ತದೆ. ಕಲಕತ್ತೆಯಲ್ಲಿದ್ದ ಸಿ. ವಿ. ರಾಮನ್ನರು ೧೯೨೧ರಷ್ಟು ಹಿಂದೆಯೇ ಈ ಕುದುರೆಯನ್ನು ಕುರಿತು ಪ್ರಬಂಧವನ್ನು ಬರೆದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೆಯೋ ಆ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟಬಾರದೆಂಬುದು ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸರ ನಿಯಮ. ತಂಬೂರಿಯಲ್ಲಿಯೂ ವೀಣೆಯಲ್ಲಿಯೂ ಆ ಉಪಸ್ವರಗಳು ಧಾರಾಳವಾಗಿ ಕೇಳಿಬರುತ್ತವೆಂದೂ, ಬಾಗಿದ ಕುದುರೆಯೇ ಅದಕ್ಕೆ ಕಾರಣವೆಂದೂ ರಾಮನ್ನರು ತೋರಿಸಿಕೊಟ್ಟರು. ತಂಬೂರಿಯ ಪ್ರಾಣವೆಲ್ಲವೂ ಆ ಒಂದಂಗುಲದ ಬಾಗಿನಲ್ಲಿದೆ. ಮೆತ್ತನೆಯ ಚೀಲದಲ್ಲಿಟ್ಟ ತಂಬೂರಿಯ ಮೇಲೆ ಯಾರಾದರೂ ಮೊಣಕೈಯೂರಿದರೆ ಭಾರವು ಮೊದಲು ಬೀಳುವುದು ಮೇಲೆದ್ದಿರುವ ಈ ಕುದುರೆಯ ಮೇಲೆ, ಅದರ ಮೂಲಕ ತೆಳ್ಳನೆಯ ಹಲಗೆಯ ಮೇಲೆ. ಗವಸಣಿಗೆಯನ್ನು ಹೊಲಿಸುವವರು ಕುದುರೆಯ ಎರಡೂ ಮಗ್ಗುಲಿಗೆ ಅದಕ್ಕಿಂತ ಎತ್ತರವಾದ ಎರಡು ಮೆತ್ತೆಗಳನ್ನು ಇಡಿಸಿಕೊಂಡರೆ, ಕುದುರೆಯು ಎರಡು ದಿಬ್ಬಗಳ ನಡುವಿನ ಹಳ್ಳದಲ್ಲಿ ಕುಳಿತಂತೆ ಕ್ಷೇಮವಾಗಿರುತ್ತದೆ. ಇದಕ್ಕೆ ತಗಲುವುದು ಒಂದು ಹಿಡಿ ಹತ್ತಿ ಮಾತ್ರ. ಹತ್ತಿಯ ವ್ಯಾಪಾರದಿಂದಲೇ ಹೆಸರು ಪಡೆದ ಊರಿನಲ್ಲಿ ಅದಕ್ಕೇನೂ ಬರಗಾಲವಿಲ್ಲ.

ಇನ್ನು ಹವೆಯ ಮಾತು. ಬೀಳುವುದಂತೂ ಎಂದಾದರೂ ಒಮ್ಮೆ. ಹವೆಯು ಹಗಲಿರುಳೂ ವಾದ್ಯವನ್ನು ಕಾಡುವಂತಹುದು. ಮರವು ಎಳೆಯ ಉದ್ದಕ್ಕೆ ಹೆಚ್ಚು ಹಿಗ್ಗುವುದಿಲ್ಲ, ಅಡ್ಡಕ್ಕೆ ಹಿಗ್ಗುತ್ತದೆ. ಬೇಸಗೆಯ ಒಣಹವೆಯಿಂದ ಮಳೆಗಾಲದ ತೇವಕ್ಕೆ ಬಂದಾಗ ಒಂದಡಿ ಅಗಲದ ಹಲಗೆಯು ಕೆಲವು ಮಿಲಿಮೀಟರು ಅಗಲವಾಗಲು ಹವಣಿಸುತ್ತದೆ. ಅಂಚನ್ನು ಬುರುಡೆಗೆ ಅಂಟಿಸಿರುವುದರಿಂದ ಅದಕ್ಕೆ ಹೋಗಲು ಜಾಗವಿಲ್ಲ. ಉಬ್ಬುತ್ತದೆ, ಇಲ್ಲವೆ ಅಂಟು ಬಿಡುತ್ತದೆ. ಮಿರಜಿನಿಂದ ಹುಬ್ಬಳ್ಳಿಯವರೆಗಿನ ರೈಲುದಾರಿಯೇ ಇದಕ್ಕೊಂದು ಪ್ರಯೋಗಶಾಲೆ. ಆಷಾಢದಲ್ಲಿ ಮಿರಜಿನ ಬಯಲಿನಲ್ಲಿ ಹೊರಟ ಗಾಡಿಯು ಕೆಲವು ಗಂಟೆಗಳಲ್ಲಿ ಬೆಳಗಾವಿಯನ್ನು ದಾಟಿ ಲೋಂಡಾಕ್ಕೆ ಬರುವಾಗ, ಸಹ್ಯಾದ್ರಿಯ ಸೆರಗಿನ ಎಡೆಬಿಡದ ಮಳೆ. ಅಲ್ಲಿಂದ ಧಾರವಾಡವನ್ನು ಹಾದು ಹುಬ್ಬಳ್ಳಿಯ ಹತ್ತಿರಕ್ಕೆ ಬಂದರೆ ಮತ್ತೆ ಬರೀ ಮೋಡ, ಗಾಳಿ. ಒಂದೇ ದಿನದಲ್ಲಿ ವಾದ್ಯಕ್ಕೆ ಮೂರು ಋತುಗಳನ್ನು ತೋರಿಸಿದಂತಾಗುತ್ತದೆ.

ಇಲ್ಲಿ ಮುಚ್ಚಿದ ಪೆಟ್ಟಿಗೆಗೆ ಗೆಲುವೆಂದು ತೋರುವುದು ಸಹಜ. ಹೊರಗಿನ ಹವೆಯು ಒಳಗೆ ಬಾರದು ತಾನೆ? ನಿಜ. ಆದರೆ ಒಳಗಿನ ಹವೆಯಲ್ಲಿ ಎಷ್ಟು ನೀರಿದೆಯೆಂಬುದನ್ನೂ ನೋಡೋಣ. ಪೆಟ್ಟಿಗೆಯಲ್ಲಿ ೧೫೦ ಲೀಟರು ಗಾಳಿಯಿದ್ದು, ಉಷ್ಣತೆ ೨೫ ಡಿಗ್ರಿಯಿದ್ದರೆ, ಆ ಗಾಳಿಯು ಪೂರ್ತಿ ತೇವಗೊಂಡಾಗಲೂ ಅದರಲ್ಲಿರುವ ನೀರು ಮೂರೂವರೆ ಗ್ರಾಮು. ಒಂದು ಸಣ್ಣ ಚಮಚವೂ ತುಂಬದು. ಇಷ್ಟು ಅಲ್ಪವಾದ ಸಂಗ್ರಹವು ಯಾವುದನ್ನೂ ಸ್ಥಿರವಾಗಿ ಇಡಲಾರದು. ಪೆಟ್ಟಿಗೆಯನ್ನು ಒಂದು ಸಲ ತೆರೆದು ಮುಚ್ಚಿದರೆ ಮುಗಿಯಿತು, ಒಳಗಿನ ಹವೆಯೆಲ್ಲ ಹೊಸದು. ಈಗ ಎರಡು ಕಿಲೋ ತೂಕದ ಹತ್ತಿಯ ಕೌದಿಯನ್ನು ಅದರೊಳಗೆ ಇಡೋಣ. ಒಣಹವೆಯಲ್ಲಿ ಹತ್ತಿಯು ತನ್ನ ತೂಕದ ನೂರಕ್ಕೆ ನಾಲ್ಕೈದು ಪಾಲು ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ತೇವದ ಹವೆಯಲ್ಲಿ ಹತ್ತು ಪಾಲಿನವರೆಗೂ ಹೀರುತ್ತದೆ. ಎಂದರೆ ಕೈಗೆ ಒದ್ದೆಯೆನಿಸದೆಯೇ ನೂರು ಗ್ರಾಮಿನಷ್ಟು ನೀರನ್ನು ಅದು ತೆಗೆದುಕೊಳ್ಳಬಲ್ಲದು, ಒಣಗಿದಾಗ ಮರಳಿ ಕೊಡಬಲ್ಲದು. ಪೆಟ್ಟಿಗೆಯ ಗಾಳಿಗಿಂತ ಮೂವತ್ತು ಪಟ್ಟು ದೊಡ್ಡ ಖಜಾನೆಯಿದು. ಪೆಟ್ಟಿಗೆಯೊಳಗೆ ತೇವದ ಮಟ್ಟವನ್ನು ಕಾಯುವವನು ಹೊರಗಿನ ಗೋಡೆಯಲ್ಲ, ಒಳಗಿನ ಬಟ್ಟೆ. ಈ ಸಂಗತಿ ನಮಗೆ ತಿಳಿದಾಗ, ಕೌದಿಯನ್ನು ತೆಗೆಸಿದ್ದಕ್ಕಾಗಿ ಎರಡನೆಯ ಸಲ ನಾಚಿಕೆಪಟ್ಟೆವು.

ಕೌದಿಯ ಪಕ್ಷವನ್ನು ಹಿಡಿದು ಇಷ್ಟೆಲ್ಲ ಹೇಳಿದ ಮೇಲೆ ಅದರ ದೋಷವನ್ನು ಮುಚ್ಚಿಡುವುದು ನ್ಯಾಯವಲ್ಲ. ಮಳೆಯಲ್ಲಿ ನೆನೆದ ಕೌದಿಯು ವಾದ್ಯಕ್ಕೆ ಶತ್ರು. ಹೀರಿಕೊಂಡ ನೀರನ್ನೆಲ್ಲ ಅದು ಮೆಲ್ಲಮೆಲ್ಲನೆ ಮರಕ್ಕೆ ಕೊಡುತ್ತದೆ. ಮುಚ್ಚಿದ ಪೆಟ್ಟಿಗೆಯೊಳಗಾದರೆ ಕೊಡದೆ ಬೇರೆ ದಾರಿಯೇ ಇಲ್ಲ. ಮೇಲೊಂದು ನೀರು ಹಿಡಿಯದ ಹೊದಿಕೆ ಬೇಕು. ನೆನೆಯಿತೆಂದರೆ ಕೂಡಲೇ ಬಿಚ್ಚಿ ಒಣಗಿಸಬೇಕು. ಕಪ್ಪು ಪೆಟ್ಟಿಗೆಗಾದರೋ ಶತ್ರು ಬಿಸಿಲು. ನಡುಹಗಲಿನ ಬಿಸಿಲು ಒಂದು ಚದರ ಮೀಟರಿನ ಮೇಲೆ ಸುಮಾರು ೧೦೦೦ ವ್ಯಾಟು ಶಕ್ತಿಯನ್ನು ಸುರಿಯುತ್ತದೆ. ಕಪ್ಪು ಮೈಯು ಅದರಲ್ಲಿ ಬಹುಪಾಲನ್ನು ನುಂಗುತ್ತದೆ. ಚೈತ್ರದ ಬಿಸಿಲಿನಲ್ಲಿ ಅರ್ಧ ಗಂಟೆ ನಿಲ್ಲಿಸಿದ ಕಪ್ಪು ಪೆಟ್ಟಿಗೆಯನ್ನು ಮುಟ್ಟಿ ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಉಕ್ಕಿನ ತಂತಿಯು ೨೦ ಡಿಗ್ರಿ ಬಿಸಿಯೇರಿದರೆ ಸಡಿಲಗೊಂಡು ಶ್ರುತಿಯು ಅರ್ಧ ಸ್ವರದ ಸುಮಾರು ಅರ್ಧದಷ್ಟು ಇಳಿಯುತ್ತದೆ; ತಣಿದ ಮೇಲೆ ಅದು ಮರಳಿ ಬಂದೀತು, ಆದರೆ ಶಾಖಕ್ಕೆ ಮೆತ್ತಗಾಗಿ ಜರುಗಿದ ಸರೇಸಿನ ಅಂಟು ಮರಳಿ ಬಾರದು. ಪೆಟ್ಟಿಗೆಯನ್ನು ಕೊಳ್ಳಲೇಬೇಕಾದವರು ಬಿಳಿಯದನ್ನು ಕೊಳ್ಳಲಿ. ಕಪ್ಪು ಬಣ್ಣ ಅಂದವೆನ್ನುವವರು ಅದರ ಮೇಲೊಂದು ಬಿಳಿ ಪಂಚೆಯನ್ನಾದರೂ ಹೊದಿಸಲಿ.

ತೂಕದ ಪ್ರಶ್ನೆಯನ್ನು ವಿಜ್ಞಾನದ ಪುಸ್ತಕಗಳು ಹೇಳುವುದಿಲ್ಲ, ಹೊತ್ತವರಿಗೇ ಗೊತ್ತು. ನಾವು ಕೊಂಡ ಪೆಟ್ಟಿಗೆಯು ತಂಬೂರಿಗಿಂತ ಎರಡು ಪಟ್ಟು ಭಾರವಾಗಿತ್ತು. ಹುಬ್ಬಳ್ಳಿಯ ರೈಲು ನಿಲ್ದಾಣದಲ್ಲಿ ೨೦೨೩ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಪ್ಲಾಟ್‌ಫಾರಮ್ಮಿನ ಉದ್ದ ೧೫೦೭ ಮೀಟರು, ಜಗತ್ತಿನಲ್ಲಿಯೇ ಅತಿ ಉದ್ದವಾದುದೆಂಬ ಹೆಗ್ಗಳಿಕೆ ಅದಕ್ಕಿದೆ. ಹೆಗ್ಗಳಿಕೆ ಸರಿಯೇ, ಆದರೆ ಅದರ ತುದಿಯ ಡಬ್ಬಿಯವರೆಗೆ ಹನ್ನೆರಡು ಕಿಲೋ ಹೊತ್ತು ನಡೆಯಬೇಕಾದ ಹದಿನಾರು ವರ್ಷದ ಹುಡುಗಿಯನ್ನು ಕೇಳಿ ನೋಡಬೇಕು. ಹಗುರಾದುದನ್ನು ಮನುಷ್ಯನು ಎದೆಗವಚಿಕೊಂಡು ಒಯ್ಯುತ್ತಾನೆ. ಭಾರವಾದುದನ್ನು ಎಳೆಯುತ್ತಾನೆ, ಅಲ್ಲಲ್ಲಿ ಇಳಿಸುತ್ತಾನೆ, ಇನ್ನೊಬ್ಬರ ಕೈಗೆ ಕೊಡುತ್ತಾನೆ. ಗಟ್ಟಿಯಾಗಿ ಕಾಣುವ ಪೆಟ್ಟಿಗೆಯನ್ನು ಇಳಿಸುವಾಗ ಇಳಿಸುವವನ ಕೈಯಲ್ಲಿ ಜೋಪಾನವೂ ಅಷ್ಟಕ್ಕಷ್ಟೆ. ಕೌದಿ ಸುತ್ತಿದ ಗಂಟನ್ನು ಕಂಡರೆ ಹಮಾಲನೂ ಕೂಡ "ಏನೈತ್ರೀ ಒಳಗ?" ಎಂದು ಕೇಳಿಯೇ ಎತ್ತುತ್ತಾನೆ.

ಈ ವಿಷಯವನ್ನು ಇಷ್ಟು ದೂರ ಬೆಳೆಸುವುದಕ್ಕೆ ಕಾರಣವಿದೆ. ಒಯ್ಯುವ ತೊಂದರೆಗೆ ಹೆದರಿ ತಂಬೂರಿಯನ್ನೇ ಬಿಟ್ಟುಬಿಡುವವರು ನಮ್ಮಲ್ಲಿ ಹೆಚ್ಚುತ್ತಿದ್ದಾರೆ. ವಿದ್ಯುನ್ಮಾನ ತಂಬೂರಿಯು ಬೆಂಗಳೂರಿನಲ್ಲಿಯೇ ತಯಾರಾಗಿ ದಶಕಗಳೇ ಕಳೆದಿವೆ. ಈಗ ಮೊಬೈಲ್ ಫೋನಿನೊಳಗೂ ತಂಬೂರಿ ನುಡಿಯುತ್ತದೆ. ಅವುಗಳ ಮೇಲೆ ನಮಗೆ ದ್ವೇಷವಿಲ್ಲ; ಮುಂಜಾನೆಯ ಅಭ್ಯಾಸಕ್ಕೆ ನಾವೂ ಅವನ್ನು ಬಳಸುತ್ತೇವೆ. ಆದರೆ ರಾಮನ್ನರು ಶೋಧಿಸಿದ ಆ ಬಾಗಿದ ಕುದುರೆಯನ್ನು ಕೈಯಿಂದ ಮುಟ್ಟಿ, ದಾರವನ್ನು ಸರಿಸಿ, ಉಪಸ್ವರಗಳು ಒಂದೊಂದಾಗಿ ಎದ್ದುಬರುವುದನ್ನು ಕಿವಿಯಾರೆ ಕೇಳದ ವಿದ್ಯಾರ್ಥಿಗೆ ಧ್ವನಿಶಾಸ್ತ್ರದ ಒಂದು ಅಧ್ಯಾಯವೇ ತಪ್ಪಿಹೋದಂತೆ. ಹೊಸಪೆಟ್ಟಿಗೆಗೆ ಹಣವಿಲ್ಲವೆಂದು, ಇಲ್ಲವೆ ಪೆಟ್ಟಿಗೆಯನ್ನು ಹೊರಲಾರೆವೆಂದು, ಅಂತರಕಾಲೇಜು ಸ್ಪರ್ಧೆಗೆ ತಂಬೂರಿಯನ್ನು ಬಿಟ್ಟು ಫೋನನ್ನು ಒಯ್ದ ಹುಡುಗಿಯರನ್ನು ನಾವು ಬಲ್ಲೆವು. ಅವರಿಗೆ ಬೇಕಾಗಿದ್ದುದು ಪೆಟ್ಟಿಗೆಯಲ್ಲ, ಅವರವರ ಮನೆಯಲ್ಲಿಯೇ ಇದ್ದ ಕೌದಿ.

ಆದುದರಿಂದ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇವೆ. ವಾದ್ಯವು ತನ್ನವರ ಕೈ ಬಿಟ್ಟು ಹೋಗದಿರುವಾಗ, ಹಳೇ ಹುಬ್ಬಳ್ಳಿಯಿಂದ ಆಟೋದಲ್ಲಿ ಹೋಗಿ, ಚಿಗರಿ ಬಸ್ಸಿನಲ್ಲಿ ಧಾರವಾಡದ ಪಾಠಕ್ಕೆ ಹೋಗಿ ಬರುವಾಗ, ಮೆತ್ತನೆಯ ಗವಸಣಿಗೆಯೇ ಸಾಕು, ಅದೇ ಮೇಲು. ಆದರೆ ಅದು ನಿಜವಾಗಿ ಮೆತ್ತೆಯಿರುವ ಗವಸಣಿಗೆಯಾಗಿರಬೇಕು. ಧೂಳಿಗೆಂದು ಹೊಲಿದ ಒಂದೇ ಪದರದ ಚೀಲವನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ರೈಲಿನ ಸಾಮಾನಿನ ಡಬ್ಬಿಗೋ ವಿಮಾನದ ಹೊಟ್ಟೆಗೋ ಒಪ್ಪಿಸಬೇಕಾದಾಗ, ಮೇಲೆ ಏನನ್ನು ಹೇರುವರೋ ತಿಳಿಯದಾಗ, ಗಟ್ಟಿ ಪೆಟ್ಟಿಗೆಯಿಲ್ಲದೆ ಒಯ್ಯಬಾರದು. ಆ ಪೆಟ್ಟಿಗೆಯೂ ಕೌದಿಗೆ ಜಾಗ ಬಿಟ್ಟು ಕೊಳ್ಳುವಷ್ಟು ದೊಡ್ಡದಾಗಿರಬೇಕು, ಅಲುಗಾಡಿಸಿದರೆ ಒಳಗೆ ಏನೂ ಸದ್ದಾಗಬಾರದು. ಇಂತಹ ಪ್ರಯಾಣ ಒಬ್ಬ ವಿದ್ಯಾರ್ಥಿಗೆ ವರ್ಷಕ್ಕೆ ಒಂದೆರಡು ಸಲ ಬಂದರೆ ಹೆಚ್ಚು. ಅದಕ್ಕಾಗಿ ಪ್ರತಿಯೊಬ್ಬರೂ ಪೆಟ್ಟಿಗೆಯನ್ನು ಕೊಳ್ಳುವುದು ವ್ಯರ್ಥ. ಪ್ರತಿಯೊಂದು ಕಾಲೇಜೂ ಸಂಗೀತಶಾಲೆಯೂ ಒಳ್ಳೆಯ ಪೆಟ್ಟಿಗೆಯೊಂದನ್ನು ಇರಿಸಿಕೊಂಡು, ಗ್ರಂಥಾಲಯದ ಪುಸ್ತಕದಂತೆ ಬೇಕಾದವರಿಗೆ ಎರವಲು ಕೊಡುವ ಏರ್ಪಾಡನ್ನು ಮಾಡಿದರೆ ಎಷ್ಟೋ ಮನೆಗಳ ಹಣ ಉಳಿಯುವುದು. ಕ್ರಿಕೆಟ್ಟಿನ ಸಾಮಗ್ರಿಗೆ ಪೆಟ್ಟಿಗೆಯನ್ನು ಕೊಳ್ಳುವ ಕಾಲೇಜುಗಳಿಗೆ ಇದು ದೊಡ್ಡ ವೆಚ್ಚವಲ್ಲ.

ಗಿಟಾರಿನ ಹುಡುಗನಿಗೂ ಹೆಚ್ಚುಕಡಮೆ ಇದನ್ನೇ ಹೇಳಿದೆವು. ಅದಕ್ಕೆ ಒಂದು ಮಾತನ್ನು ಮಾತ್ರ ಸೇರಿಸಿದೆವು. ಗಿಟಾರಿನಲ್ಲಿ ಸುಲಭವಾಗಿ ಮುರಿಯುವುದು ಡೊಳ್ಳಲ್ಲ, ಬಿರಡೆಗಳಿರುವ ತಲೆಯು ಹಿಂದಕ್ಕೆ ಬಾಗುವ ಕುತ್ತಿಗೆಯ ಆ ಸಂದು. ಪೆಟ್ಟಿಗೆಯು ಅಂಗಾತ ಬಿದ್ದಾಗ ಡೊಳ್ಳು ನಿಂತರೂ ಕುತ್ತಿಗೆಗೆ ಆಸರೆಯಿಲ್ಲದಿದ್ದರೆ ಭಾರವಾದ ತಲೆಯು ಮುಂದುವರಿದು ಸಂದು ಸೀಳುತ್ತದೆ. ಚೀಲವಾಗಲಿ ಪೆಟ್ಟಿಗೆಯಾಗಲಿ, ಕುತ್ತಿಗೆಯ ಕೆಳಗೆ ಒಂದು ದಿಂಬಿದೆಯೇ ಎಂದು ಕೈಯಾಡಿಸಿ ನೋಡಿ ಕೊಳ್ಳಬೇಕು. ಅವನು ಚೀಲವನ್ನೇ ಕೊಂಡನು.

ಓದಿದ್ದನ್ನು ಪರೀಕ್ಷಿಸಿ ನೋಡಬೇಕೆನ್ನುವ ವಾಚಕರಿಗೆ ಎರಡು ಪ್ರಯೋಗಗಳನ್ನು ಸೂಚಿಸುತ್ತೇವೆ. ಸ್ಟೀಲಿನ ಡಬ್ಬಿಯೊಂದರಲ್ಲಿ ಕೋಳಿಮೊಟ್ಟೆಯನ್ನಿಟ್ಟು ಮೊಣಕಾಲೆತ್ತರದಿಂದ ಬೀಳಿಸಿರಿ. ಅನಂತರ ಅದೇ ಡಬ್ಬಿಯಲ್ಲಿ ಇನ್ನೊಂದು ಮೊಟ್ಟೆಯನ್ನು ಹಳೆಯ ಬಟ್ಟೆಯ ನಡುವೆ ಅಲುಗದಂತೆ ಕೂರಿಸಿ ಬೀಳಿಸಿರಿ. ಮೂರನೆಯದನ್ನು ಬರೀ ಬಟ್ಟೆಯಲ್ಲಿ ಸುತ್ತಿ, ಅದರ ಮೇಲೆ ಇಟ್ಟಿಗೆಯ ಮೂಲೆಯನ್ನು ಊರಿರಿ. ಮೊಟ್ಟೆಯನ್ನು ಮನೆಗೆ ತರಲಾಗದವರು ದೀಪಾವಳಿಯ ಮಣ್ಣಿನ ಹಣತೆಗಳನ್ನು ಬಳಸಬಹುದು. ನಾವು ಮಾಡಿದ್ದೂ ಹಣತೆಗಳಿಂದಲೇ. ಎರಡನೆಯ ಪ್ರಯೋಗಕ್ಕೆ ತಾಳ್ಮೆ ಬೇಕು. ಒಂದೇ ಅಳತೆಯ ಎರಡು ಮುಚ್ಚುವ ಡಬ್ಬಿಗಳಲ್ಲಿ ತೇವವನ್ನು ಅಳೆಯುವ ಸಣ್ಣ ಉಪಕರಣವನ್ನು ಒಂದೊಂದು ಇಟ್ಟು, ಒಂದರಲ್ಲಿ ಮಾತ್ರ ಹತ್ತಿಬಟ್ಟೆಯನ್ನು ತುಂಬಿ, ದಿನಕ್ಕೊಂದು ಸಲ ತೆರೆದು ಮುಚ್ಚುತ್ತ ಜ್ಯೇಷ್ಠದಿಂದ ಭಾದ್ರಪದದವರೆಗೆ ಅಂಕಿಗಳನ್ನು ಬರೆದಿಡಬೇಕು.

ನಮ್ಮ ಮನೆಯ ತಂಬೂರಿಯನ್ನು ಮಿರಜಿಗೆ ಕಳುಹಿಸಿ ಬುರುಡೆಯ ಸೀಳನ್ನು ಬೆಸೆಯಿಸಿದೆವು. ನಾದವು ಮೊದಲಿನಂತಿಲ್ಲವೆಂದು ನಮಗೆ ತೋರುತ್ತದೆ, ಅತ್ತೆಯವರು ಹಾಗೇನಿಲ್ಲವೆನ್ನುತ್ತಾರೆ. ಅದನ್ನು ಮಿರಜಿಗೆ ಒಯ್ದದ್ದೂ ಮರಳಿ ತಂದದ್ದೂ ಕೌದಿಯಲ್ಲಿ. ಕರಿಯ ಪೆಟ್ಟಿಗೆಯಲ್ಲಿ ಈಗ ಮೇಲೆ ಹೇಳಿದ ಎರಡನೆಯ ಪ್ರಯೋಗ ನಡೆದಿದೆ. ಈ ಮಳೆಗಾಲ ಮುಗಿದ ಮೇಲೆ ಬೆಳಗಾವಿ, ಶಿರಸಿ, ಬಳ್ಳಾರಿಗಳಂತಹ ಬೇರೆ ಬೇರೆ ಹವೆಯ ಊರುಗಳ ವಿದ್ಯಾರ್ಥಿಗಳು ತಮ್ಮ ಅಂಕಿಗಳನ್ನು ಈ ಪತ್ರಿಕೆಗೆ ಬರೆದು ಕಳುಹಿಸಿದಲ್ಲಿ, ನಮ್ಮವುಗಳೊಡನೆ ಹೋಲಿಸಿ ಪ್ರಕಟಿಸಲು ಅನುಕೂಲವಾಗುವುದು.